ಪೊನ್ನಂಪೇಟೆಯ ಪಾಠ, ಹಿರಿಯೂರಿನ ಬದು

ಚಳ್ಳಕೆರೆ ಕಡೆ ಹೊಲದ ಬದುವಿನಲ್ಲಿ ನಿಂತ ಬೇವನ್ನು ಹೆಚ್ಚಾಗಿ ಯಾರೂ ನೆಟ್ಟಿರುವುದಿಲ್ಲ. ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ ಹುಟ್ಟಿಕೊಳ್ಳುತ್ತದೆ, ರೈತ ಗಳೇವು ಹೊಡೆಯುವಾಗ ನೇಗಿಲು ಓರೆ ಮಾಡಿ ಉಳಿಸಿಕೊಳ್ಳುತ್ತಾನೆ. ಬಯಲುಸೀಮೆಯ ಅರಣ್ಯಶಾಸ್ತ್ರದ ಅರ್ಧ ಪಾಠ ಇಷ್ಟರಲ್ಲೇ ಇದೆ. ಅದು ಕಾಲೇಜಿನ ತರಗತಿವರೆಗೆ ಹೋಗುವುದು ಮಾತ್ರ ತಡವಾಯಿತು.

ಅರಣ್ಯ ವಿದ್ಯೆ ನಮ್ಮಲ್ಲಿ ಬಹುಕಾಲ ಇಲಾಖೆಯ ಮನೆಮಾತು. 1878ರಲ್ಲಿ ಡೆಹ್ರಾಡೂನಿನಲ್ಲಿ ಬ್ರಿಟಿಷರು ತೆರೆದ ಶಾಲೆ ತಯಾರು ಮಾಡಿದ್ದು ಕಾಡು ಕಾಯುವ ಅಧಿಕಾರಿಗಳನ್ನು. ಹೊಲದವನ ಜೊತೆ ಕೂತು ಮಾತಾಡುವವರನ್ನಲ್ಲ. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ಎರಡು ಸಲಹೆ ಕೊಟ್ಟಿತು: ಊರಿನ ಜಾಗದಲ್ಲಿ ಸಾಮಾಜಿಕ ಅರಣ್ಯ ಬೆಳೆಸಿ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅರಣ್ಯ ಶಿಕ್ಷಣ ಕೊಡಿ. ಕರ್ನಾಟಕದಲ್ಲಿ ಮೊದಲನೆಯದು ಮುಂದೆ ಓಡಿತು. 1983ರಿಂದ ವಿಶ್ವಬ್ಯಾಂಕ್ ನೆರವು ಬಂತು, ನರ್ಸರಿಗಳಿಂದ ನೀಲಗಿರಿ ಹೊರಟಿತು. ದನ ಬಾಯಿ ಹಾಕುವುದಿಲ್ಲ, ಕಾವಲು ಬೇಡ, ಏಳೆಂಟು ವರ್ಷಕ್ಕೆ ಲಾರಿ ಹತ್ತುತ್ತದೆ. ಹರಿಹರದ ಹೊಳೆಯಾಚೆಗೇ ನೀಲಗಿರಿ ಬೇಕಾದ ಕಾರ್ಖಾನೆ ಇತ್ತು. ರೈತನನ್ನು ಮಾತ್ರ ದೂರಿ ಏನು ಬಂತು?

1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಚಳವಳಿ. ನೀಲಗಿರಿ ನೆಡುವುದಕ್ಕೆ ಸರ್ಕಾರ ನಿಷೇಧ ಹಾಕಿದ್ದು 2017ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ.

ಎರಡನೆಯ ಸಲಹೆಯ ಫಲ ಎರಡು ಅರಣ್ಯ ಕಾಲೇಜುಗಳು: 1985ರಲ್ಲಿ ಶುರುವಾಗಿ ಶಿರಸಿಯಲ್ಲಿ ನೆಲೆಯೂರಿದ್ದು ಒಂದು, 1995ರ ಪೊನ್ನಂಪೇಟೆಯದು ಇನ್ನೊಂದು. ಎರಡೂ ಮಳೆ ಸುರಿಯುವ ಸೀಮೆಯಲ್ಲಿ. ಮಳೆ ಬಂದರೆ ಹಬ್ಬ ಎನ್ನುವ ನಮ್ಮ ದುರ್ಗದವರಿಗೆ ಅಲ್ಲಿನ ಕಾಡು ಪ್ರವಾಸಕ್ಕೆ ಸರಿ.

2012ರಲ್ಲಿ ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದಾಗ ಗಡಿ ಬದಲಾಯಿತು. ಕೊಡಗಿನಿಂದ ಚಿತ್ರದುರ್ಗ, ದಾವಣಗೆರೆವರೆಗೆ ಏಳು ಜಿಲ್ಲೆ ಒಂದೇ ಸೂರಿನಡಿ ಬಂದವು. ಪೊನ್ನಂಪೇಟೆಯ ಅರಣ್ಯ ಕಾಲೇಜು, ಹಿರಿಯೂರು ಬಬ್ಬೂರು ಫಾರಂನ ಒಣಬೇಸಾಯದ ಅನುಭವ ಒಂದೇ ಮನೆಯವಾದವು. ಹೊರಗಿನ ಸಂಸ್ಥೆಗಳ ಜೊತೆ ಮಾಡಿಕೊಳ್ಳುವ ಯಾವ ಒಡಂಬಡಿಕೆಗಿಂತ ಈ ಮನೆಯೊಳಗಿನ ನಂಟೇ ದೊಡ್ಡದು ಅಂತ ನನಗನ್ನಿಸುತ್ತದೆ.

ಯಾಕೆಂದರೆ ಇಲ್ಲಿ ಕಲಿಯುವುದು ಎರಡೂ ಕಡೆಗಿದೆ. ಪಾಲಿಥೀನ್ ಚೀಲದ ಹೊಂಗೆ ಸಸಿಯನ್ನು ಒಮ್ಮೆ ಬಿಚ್ಚಿ ನೋಡಿ. ಚೀಲದಲ್ಲಿ ಬಹಳ ದಿನ ಕೂತದ್ದಾದರೆ ತಾಯಿಬೇರು ಕೆಳಗಿಳಿಯಲು ದಾರಿಯಿಲ್ಲದೆ ತಳದಲ್ಲಿ ಸಿಂಬೆ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಮಳೆ ಕೈಕೊಟ್ಟ ವರ್ಷ ಮೊದಲು ಸಾಯುವುದು ಅದೇ. ಬೇರು ಸುತ್ತದಂತೆ ಬೆಳೆಸುವುದು ಹೇಗೆ ಎಂಬುದಕ್ಕೆ ವಿಜ್ಞಾನಿಗಳ ಬಳಿ ಉತ್ತರವಿದೆ, ಒಳಗೋಡೆಗೆ ಉದ್ದಕ್ಕೆ ಏಣುಗಳಿರುವ ಸಸಿ ಬೆಳೆಸುವ ಕುಡಿಕೆ, ಅಂದರೆ ರೂಟ್ ಟ್ರೇನರ್. 2011ರಿಂದಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲೂ ದುಡ್ಡು ಸಿಗುವುದು ಬದುಕಿ ಉಳಿದ ಗಿಡಕ್ಕೆ, ಮೂರು ವರ್ಷ. ಸತ್ತ ಗಿಡಕ್ಕೆ ಬಿಡಿಗಾಸಿಲ್ಲ.

ಗಿಡ ಬದುಕಿದ ಮೇಲಿನದು ರೈತನ ವಿದ್ಯೆ. ‘ನೆರಳಿಗೆ ಶೇಂಗಾ ಕಾಯಿ ಕಟ್ಟಲ್ಲ ಸಾರ್’ ಅನ್ನುತ್ತಾರೆ. ಅದಕ್ಕೇ ಬಿತ್ತನೆಗೆ ಮೊದಲು ಬದುವಿನ ಹೊಂಗೆ ಸವರಿ, ಸೊಪ್ಪನ್ನು ಹೊಲಕ್ಕೋ ತೋಟಕ್ಕೋ ಗೊಬ್ಬರವಾಗಿ ಹಾಕುತ್ತಾರೆ. ಯಾವ ಕೊಂಬೆ ಬಿಡಬೇಕು, ಎಷ್ಟೆತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ ಎಂದು ಕೇಳಿದರೆ ಮಚ್ಚು ಹಿಡಿದೇ ತೋರಿಸುತ್ತಾರೆ.