ಹಳೇ ಮನೆ ತಗೊಳ್ಳೋದಾ, ಹೊಸದಾ?

"ಒಂದು ಹಳೇ ಮನೆ ನೋಡಿದ್ದೇವೆ. ಗೋಡೆ ಒಂದೂವರೆ ಅಡಿ ದಪ್ಪ ಇದೆ. ಈಗಿನ ಮನೆಗಳಿಗಿಂತ ಅದೇ ವಾಸಿ ಅಲ್ವಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಸಾಲ, ಕಾಗದಪತ್ರದ ವಿಷಯ ನಿಮಗೆ ಗೊತ್ತಿರುವುದೇ, ಬಿಡೋಣ. ಆದರೆ 'ಹಳೇ ಮನೆ ಅಂದ್ರೆ ಗಟ್ಟಿ' ಅನ್ನುವ ಮಾತನ್ನು ಇವತ್ತು ಸುಮ್ನೆ ಬಿಡುವುದಿಲ್ಲ.

ನಾವು ನೋಡುತ್ತಿರುವುದು ಉಳಿದುಕೊಂಡ ಮನೆಗಳನ್ನು ಮಾತ್ರ. ಅದೇ ಕಾಲದಲ್ಲಿ ಕಟ್ಟಿ, ಸೋರಿ, ಗೆದ್ದಲು ಹಿಡಿದು ಬಿದ್ದವನ್ನು ತೋರಿಸೋಣ ಅಂದರೆ ಅವು ಇಲ್ಲವೇ ಇಲ್ಲ. ಉಳಿದ ನಾಲ್ಕನ್ನು ನೋಡಿ "ಆಗಿನ ಕೆಲಸವೇ ಹಾಗೆ" ಅನ್ನುತ್ತೇವೆ.

ಇನ್ನು ಆ ದಪ್ಪ ಗೋಡೆ. ಆಗ ಚಾವಣಿಯ ಭಾರವೆಲ್ಲ ಗೋಡೆಯ ಮೇಲೇ ಕೂರುತ್ತಿತ್ತು. ಮಣ್ಣಿನ ಗಾರೆ, ಸುಣ್ಣದ ಗಾರೆಗೆ ಸಿಮೆಂಟಿನಷ್ಟು ಬಲವಿಲ್ಲ. ದಪ್ಪ ಕಟ್ಟದೆ ವಿಧಿಯಿರಲಿಲ್ಲ. ಈಗ ಬಹಳ ಮನೆಗಳಲ್ಲಿ ಕಂಬ, ಬೀಮು ಭಾರ ಹೊರುತ್ತವೆ, ಗೋಡೆ ಬರೀ ಮರೆಗೆ. ಅದು ತೆಳ್ಳಗಿದ್ದರೆ ಮೋಸವೇನಲ್ಲ. ಭೂಕಂಪವಾದರಂತೂ ಒಳಗೆ ಕಂಬಿಯಿಲ್ಲದ ಭಾರದ ಗೋಡೆಗೇ ಅಪಾಯ ಜಾಸ್ತಿ. ತಂಪಾಗಿರುತ್ತದೆ ಅನ್ನುತ್ತೀರಾ? ಹಗಲಲ್ಲಿ ನಿಜ. ಬಿಸಿಲಿನ ಶಾಖ ದಪ್ಪ ಗೋಡೆ ದಾಟಲು ಗಂಟೆಗಟ್ಟಲೆ ಬೇಕು. ಬಂದು ಮುಟ್ಟುವುದು ನೀವು ಮಲಗುವ ಹೊತ್ತಿಗೆ.

'ಹಳೇದು ಗಟ್ಟಿ' ಅನ್ನುವ ಮಾತಿಗೊಬ್ಬ ತಮ್ಮನಿದ್ದಾನೆ: 'ಸಿಮೆಂಟ್ ಮನೆ ವಯಸ್ಸಾದಷ್ಟೂ ಗಟ್ಟಿ.' ಕಾಂಕ್ರೀಟಿನ ಬಲದ ಬಹುಪಾಲು ಮೊದಲ 28 ದಿನದಲ್ಲೇ ಬಂದಿರುತ್ತದೆ. ಆಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಒಳಗಿಳಿಯುತ್ತದೆ. ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಕಮ್ಮಿಯಾಗುತ್ತದೆ. ಜೊತೆಗೆ ನೀರೂ ಸಿಕ್ಕರೆ ಕಂಬಿ ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ತಾರಸಿಯ ಒಳಬದಿಯಲ್ಲಿ ನೇರವಾಗಿ ಓಡುವ ಕಂದು ಗೆರೆ ಕಂಡರೆ ಇದೇ ಕಥೆ.

ಒಮ್ಮೆ ಹೊಸದಾಗಿ ಬಣ್ಣ ಹೊಡೆಸಿದ್ದ ಹಳೇ ಮನೆ ನೋಡಲು ಹೋಗಿದ್ದೆ. ಬೀರು ಸ್ವಲ್ಪ ಸರಿಸಿದೆ. ಹಿಂದಿನ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಕಟ್ಟಿಕೊಂಡಿತ್ತು. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರೆ ಡಬ್ ಡಬ್ ಅಂತ ಪೊಳ್ಳು ಸದ್ದು. ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ನೆಲದಿಂದ ಏರಿದ ಪಸೆ ಹೊರಗೆ ಆರಲು ದಾರಿ ಸಿಗದೆ ಒಳಗೇ ನಿಂತಿತ್ತು. ಗೋಡೆ ಮಾತ್ರ ಭರ್ತಿ ಒಂದೂವರೆ ಅಡಿ!

ಹಾಗಾದರೆ ಯಾವುದು? ಹಳೇದರ ದೋಷಗಳು ಹೆಚ್ಚುಕಮ್ಮಿ ಹೊರಗೆ ಬಂದಿರುತ್ತವೆ, ಹೊಸದರವು ಇನ್ನೂ ಬರಬೇಕು. ಗೋಡೆ ಒಣಗಿದ್ದರೆ ನಾನು ಹಳೇದನ್ನೇ ನೋಡುತ್ತೇನೆ. ವೈರಿಂಗ್, ಅರ್ಥಿಂಗ್, ಒಳಗೇ ತುಕ್ಕು ಕಟ್ಟಿದ ಕಬ್ಬಿಣದ ಪೈಪು ಬದಲಿಸುವ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಳ್ಳುತ್ತೇನೆ. ಹೊಸ ಮನೆಯಾದರೆ ಒಂದು ಮಳೆಗಾಲ ಕಂಡಿದ್ದರೆ ಒಳ್ಳೇದು.

ಬಿರುಕಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಿಲಾವಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನ ಹಾಗೆ ಓರೆಯಾಗಿ ಹತ್ತಿದ್ದರೆ ಪಾಯ ಕುಸಿದಿರಬಹುದು. ಯಾವತ್ತೋ ಕುಸಿದು ನಿಂತಿದೆಯೋ, ಇನ್ನೂ ಕುಸಿಯುತ್ತಿದೆಯೋ ಅನ್ನುವುದೇ ಮುಖ್ಯ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಎರಡು ಮೂರು ತಿಂಗಳ ಮೇಲೆ ಹೋಗಿ ನೋಡಿ. ಬಿರುಕು ಗೆರೆ ದಾಟಿದ್ದರೆ ಮುಂಗಡ ಕೊಡುವ ಮೊದಲು ಎಂಜಿನಿಯರನ್ನು ಕರೆಸಿ.