ರಿಯರ್ ಪ್ರೊಜೆಕ್ಷನ್ ಟಿವಿ ಮಂಕಾದರೆ ಒರೆಸುವ ಮುನ್ನ

ಮುಂಬೈ ಸುತ್ತಿನ ಮಾಟುಂಗಾ, ಡೊಂಬಿವಲಿ ಕಡೆಯ ಕೆಲವು ಮನೆಗಳಲ್ಲಿ ಬೀರುವಿನಷ್ಟು ದೊಡ್ಡ ರಿಯರ್ ಪ್ರೊಜೆಕ್ಷನ್ ಟಿವಿ, ಅಂದರೆ ಪರದೆಯ ಹಿಂದಿನಿಂದ ಚಿತ್ರ ಬಿಡುವ ಟಿವಿ, ಈಗಲೂ ಓಡುತ್ತಿದೆ. ಫೋನ್ ಮಾಡುವವರು ಕೇಳುವುದು ಒಂದೇ: "ಚಿತ್ರ ಮಂಕಾಗಿದೆ ಅಣ್ಣ, ಟ್ಯೂಬ್ ಹೋಯ್ತಾ?"

ಎಷ್ಟೋ ಸಲ ಟ್ಯೂಬ್ ಚೆನ್ನಾಗಿಯೇ ಇರುತ್ತದೆ. ಹಳೇ ಮಾದರಿಯಲ್ಲಿ ಕೆಂಪು, ಹಸಿರು, ನೀಲಿ ಹೀಗೆ ಮೂರು ಟ್ಯೂಬ್ ಕೆಳಗೆ ಕೂತಿರುತ್ತವೆ. ಅವುಗಳ ಬೆಳಕು ಲೆನ್ಸ್ ದಾಟಿ, ಹಿಂದಿನ ಓರೆ ಕನ್ನಡಿಗೆ ಬಡಿದು, ಪರದೆಯ ಹಿಂಬದಿಗೆ ಬೀಳುತ್ತದೆ. ಲೆನ್ಸ್ ಮುಖ ಮೇಲಕ್ಕಿರುವುದರಿಂದ ಧೂಳೆಲ್ಲ ಅಲ್ಲೇ ಕೂರುತ್ತದೆ.

ಪೆಟ್ಟಿಗೆ ಬಿಚ್ಚುವ ಮುಂಚೆ ಒಂದು ಮಾತು. ಈ ಟ್ಯೂಬ್‌ಗಳಿಗೆ ಹೋಗುವುದು ಸುಮಾರು 30,000 ವೋಲ್ಟ್. ಪ್ಲಗ್ ಕಿತ್ತು ಇಡೀ ರಾತ್ರಿ ಬಿಡಿ. ಆಮೇಲೂ ಟ್ಯೂಬಿನ ದಪ್ಪ ವೈರು, ಸರ್ಕ್ಯೂಟ್ ಬೋರ್ಡಿನ ಹತ್ತಿರ ಕೈ ಹಾಕಬೇಡಿ. ಧೈರ್ಯ ಸಾಲದಿದ್ದರೆ ಮೆಕ್ಯಾನಿಕ್‌ನನ್ನೇ ಕರೆಯಿರಿ, ಅದರಲ್ಲಿ ನಾಚಿಕೆ ಏನಿದೆ?

ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಮೊದಲು ಲೆನ್ಸ್ ಮೇಲಿನ ಧೂಳು ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿ. ನಮ್ಮ ಉಡುಪಿ ಹೋಟೆಲುಗಳ ಟಿವಿ ಮಾತ್ರ ಬೇರೆ ಕಥೆ. ವಡೆ ಕರಿದ ಎಣ್ಣೆ ಹೊಗೆ ಧೂಳಿನ ಜೊತೆ ಸೇರಿ ಅಂಟಾಗಿರುತ್ತದೆ. ಅಂಥಲ್ಲಿ ಆ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೇ ಹನಿ ಸಾಕು, ಕೊನೆಗೆ ಬರೀ ನೀರಿನ ಬಟ್ಟೆ. ಕಿಟಕಿ ಗಾಜಿಗೆ ಹಾಕುವ ಅಮೋನಿಯಾ ಸ್ಪ್ರೇ ಬೇಡವೇ ಬೇಡ. ಎಷ್ಟೋ ಲೆನ್ಸ್ ಪ್ಲಾಸ್ಟಿಕ್ಕಿನವು, ಮೇಲಿನ ಲೇಪ ಹಾಳಾಗುತ್ತದೆ. ಸ್ಪ್ರೇ ಹನಿ ಕೆಳಗಿನ ಬೋರ್ಡಿಗೆ ಬಿದ್ದರೆ ಇನ್ನೊಂದು ರಿಪೇರಿ.

ಕನ್ನಡಿ ಕಂಡ ಕೂಡಲೇ ತಿಕ್ಕಬೇಕು ಅನ್ನಿಸುತ್ತದೆ. ಬೇಡ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದಿರುತ್ತದೆ, ಇದಕ್ಕೆ ಮುಂದೆಯೇ ಇರುತ್ತದೆ. ಬಟ್ಟೆ ಎಳೆದರೆ ಗೀರು ಬೀಳುತ್ತದೆ, ಆ ಗೀರು ಹೋಗುವುದಿಲ್ಲ. ಸುಮ್ನೆ ಗಾಳಿ ಊದಿ ಬಿಟ್ಟುಬಿಡಿ. ಪರದೆಯ ಒಳಮೈಗೂ ಅಷ್ಟೇ, ಅಲ್ಲಿ ಸಣ್ಣ ಸಣ್ಣ ಗೆರೆಗಳಿರುತ್ತವೆ. ಫೋಕಸ್ ಸ್ಕ್ರೂ ಮುಟ್ಟದಿದ್ದರೆ ಒಳ್ಳೆಯದು. ಕೆಲಸವಾದ ಮೇಲೆ ಅಕ್ಷರದ ಅಂಚಲ್ಲಿ ಬೇರೆ ಬಣ್ಣ ಇಣುಕಿದರೆ ಮೆನುವಿನಲ್ಲಿ ಕನ್ವರ್ಜೆನ್ಸ್, ಅಂದರೆ ಮೂರೂ ಬಣ್ಣದ ಚಿತ್ರಗಳ ಹೊಂದಾಣಿಕೆ, ಸರಿಮಾಡಿ.

ಒರೆಸಿದರೂ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಮಸುಕು ಬೆಳಕು ಉಳಿಯಿತೇ? ಸೆಟ್ ಆಫ್ ಇರುವಾಗ ಲೆನ್ಸ್ ಒಳಗೆ ಟಾರ್ಚ್ ಬಿಡಿ. ಪಾಚಿಯಂಥ ಮಂಕು ಒಳಗೇ ಕಂಡರೆ ಕೆಟ್ಟಿರುವುದು ಕೂಲಂಟ್. ಟ್ಯೂಬ್ ಬಿಸಿಯಾಗದಂತೆ ಟ್ಯೂಬ್-ಲೆನ್ಸ್ ನಡುವೆ ತುಂಬಿದ ದ್ರವ ಅದು. ಅದನ್ನು ಬಸಿದು ಹೊಸದು ತುಂಬುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಬಹುತೇಕ ಅದರಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ರುಚಿ ಸಿಹಿ, ಆದರೆ ವಿಷ. ಟಿವಿ ಕೆಳಗೆ ಅಂಟು ಹನಿ ಕಂಡರೆ ಸೆಟ್ ಹಾಕಬೇಡಿ. ಮಕ್ಕಳನ್ನೂ ಬೆಕ್ಕನ್ನೂ ದೂರವಿಟ್ಟು, ಗ್ಲೌಸ್ ಹಾಕಿಕೊಂಡು ಒರೆಸಿ.