ಎಂಜಿನ್ ಬಿಸಿ ಇದ್ದರೆ ಟೀ ಕುಡಿದು ಬನ್ನಿ

ಹೋದ ತಿಂಗಳು ದಾವಣಗೆರೆಯ ನನ್ನ ಗ್ಯಾರೇಜಿಗೆ ಒಬ್ಬ ಹುಡುಗ ಬಂದ. "ಅಣ್ಣಾ, ಚಿತ್ರದುರ್ಗದಲ್ಲಿ ಹಳೇ ಮೋಟೋಕ್ರಾಸ್ ಬೈಕ್, ಅದೇ ಮಣ್ಣಿನ ಟ್ರ್ಯಾಕಿನ ರೇಸ್ ಬೈಕ್, ಒಂದು ಮಾರಾಟಕ್ಕಿದೆ. 250 ಸಿಸಿ, ಫೋರ್ ಸ್ಟ್ರೋಕ್. ನೋಡೋಕೆ ಬರ್ತೀರಾ?" ಹೋದೆವು. ಬೈಕು ತೊಳೆದು, ಒರೆಸಿ, ಮದುಮಗನ ಹಾಗೆ ನಿಂತಿತ್ತು. ಎಂಜಿನ್ ಮುಟ್ಟಿದೆ. ಬಿಸಿ! ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದರು. "ಟೀ ಕುಡಿದು ಬರ್ತೀವಿ ಸಾರ್, ತಣ್ಣಗಾಗಲಿ" ಎಂದೆ. ಎಂಜಿನ್ನಿಗೆ ಗಾಳಿ, ಹೊಗೆ ಬಿಡುವ ವಾಲ್ವ್‌ಗಳ ಗ್ಯಾಪ್ ಕೆಟ್ಟಿದ್ದರೆ ತಣ್ಣಗಿನ ಎಂಜಿನ್ ಹತ್ತಾರು ಕಿಕ್ ಕೇಳುತ್ತೆ. ಇದು ನಾಲ್ಕನೆಯದಕ್ಕೆ ಎದ್ದಿತು. ಪರವಾಗಿಲ್ಲ.

ಹೊಸ ಪ್ಲಾಸ್ಟಿಕ್, ಸ್ಟಿಕರ್ ನೋಡಿ ಮರುಳಾಗಬೇಡಿ, ಅವನ್ನು ಯಾರು ಬೇಕಾದರೂ ಹಾಕಿಸಬಹುದು. ನಾನು ಮೊದಲು ಬಿಚ್ಚುವುದು ಏರ್ ಫಿಲ್ಟರ್. ಇದು ಎಣ್ಣೆ ಹಚ್ಚಿದ ಸ್ಪಂಜು. ಅದನ್ನು ತೆಗೆದು, ಎಂಜಿನ್ ಕಡೆಯ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಕೆಂಪು ಹುಡಿ ಬಂತು. ದುರ್ಗದ ಬೇಸಿಗೆ ಗಾಳಿ, ಧೂಳು ನಿಮಗೂ ಗೊತ್ತಲ್ವಾ? ಫಿಲ್ಟರ್ ದಾಟಿದ ಧೂಳು ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ), ವಾಲ್ವ್ ಎಲ್ಲವನ್ನೂ ತಿನ್ನುತ್ತೆ. ಈ ಬೈಕಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಓಡಿದ ಗಂಟೆಗಳ ಲೆಕ್ಕ. ಅದನ್ನು ಬರೆದಿಟ್ಟವರು ಕಡಿಮೆ. ಹಾಗಾಗಿ ಪಿಸ್ಟನ್, ರಿಂಗ್ ಖರ್ಚು ಸೇರಿಸಿಯೇ ಚೌಕಾಸಿ ಮಾಡಿದೆವು.

ಇಂಥ ಬೈಕು ಸುಮಾರು 40 ಎಚ್‌ಪಿ ಕೊಡುತ್ತೆ, ತೂಕ 105 ಕೆಜಿ ಆಸುಪಾಸು. ರಸ್ತೆಯಲ್ಲಿ ಓಡುವ ಹೀರೋ ಎಕ್ಸ್‌ಪಲ್ಸ್ 200 ಬೈಕಿನ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ, ತೂಕ ಮಾತ್ರ ಮೂರರಲ್ಲಿ ಎರಡು ಪಾಲು. ಆದರೆ ಆ ಶಕ್ತಿ ಇರುವುದು ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಸಪ್ಪೆ. ಓಡಿಸಿ ನೋಡಿದ ಹುಡುಗ "ಪಿಕಪ್ ಇಲ್ಲಣ್ಣಾ" ಎಂದಿದ್ದೂ ಅದಕ್ಕೇ.

ಅವನ ನಿಜವಾದ ತೊಂದರೆ ಬೇರೆ. ನೇರ ದಾರಿಯಲ್ಲೂ ಹ್ಯಾಂಡಲ್ ಅದುರುತ್ತಿತ್ತು. ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಕೋನ್ ಸೆಟ್, ಚೆನ್ನಾಗಿಯೇ ಇತ್ತು. ಟೇಪ್ ಹಿಡಿದು ಅಳೆದೆ. ಸವಾರ ಕೂತಾಗ ಹಿಂಭಾಗ ಸುಮಾರು 100 ಮಿಲಿಮೀಟರ್ ಇಳಿಯಬೇಕು. ಇವನು ಕೂತಾಗ ಇಳಿದದ್ದು 75. ಹಿಂದೆ ಎತ್ತರ, ಭಾರವೆಲ್ಲ ಮುಂದಿನ ಚಕ್ರದ ಮೇಲೆ. ಅದುರದೆ ಏನು ಮಾಡೀತು?

ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಸ್ಪ್ರಿಂಗ್ ಒತ್ತಿ ಹಿಡಿಯುವ ರಿಂಗ್ ಸಡಿಲಿಸಿ 100ಕ್ಕೆ ತಂದೆ. ಹುಡುಗ ಖುಷಿ. ನನಗೆ ಸಮಾಧಾನ ಆಗಲಿಲ್ಲ. ಅವನನ್ನು ಇಳಿಸಿ ಮತ್ತೆ ಅಳೆದೆ. ಯಾರೂ ಕೂರದೆಯೇ ಬೈಕು 50 ಇಳಿದಿತ್ತು. ಅದು 30ರಿಂದ 40ರೊಳಗೆ ಇರಬೇಕು. "ಹಾಗಾದ್ರೆ ಸ್ಪ್ರಿಂಗ್ ಮೆತ್ತಗಾಗಿದೆ ಅಲ್ವಾ?" ಎಂದ. ಉಲ್ಟಾ, ಸ್ಪ್ರಿಂಗ್ ಇವನಿಗೆ ಗಟ್ಟಿ. ಗಟ್ಟಿ ಸ್ಪ್ರಿಂಗ್ ಇವನ ಭಾರಕ್ಕೆ ಬಗ್ಗುವುದಿಲ್ಲ. 100 ಮುಟ್ಟಿಸಲು ಅಷ್ಟು ಸಡಿಲ ಬಿಟ್ಟರೆ ಬೈಕು ತನ್ನ ತೂಕಕ್ಕೇ ಅರ್ಧ ಕುಸಿದಿರುತ್ತೆ. ಹಳೆಯ ಮಾಲೀಕರು 85 ಕೆಜಿ ಆಳು, ಇವನು 58. ಸುಮ್ನೆ ರಿಂಗ್ ತಿರುಗಿಸಿ ಮುಗಿಸುವ ಕೆಲಸ ಅಲ್ಲ ಇದು.

ರಿಜಿಸ್ಟ್ರೇಷನ್ ಇಲ್ಲದ ಬೈಕು, ಹೈವೇಗೆ ಇಳಿಸುವಂತಿಲ್ಲ. ಟಾಟಾ ಏಸ್‌ನಲ್ಲಿ ಹಾಕಿಕೊಂಡು ಬಂದೆವು. ಮೆತ್ತನೆ ಸ್ಪ್ರಿಂಗ್‌ಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಹುಡುಗ ದಿನಾ ಸಂಜೆ ಬಂದು ಟೇಪ್ ಹಿಡಿದು ಅಳೆದು ಹೋಗುತ್ತಾನೆ.